ಕೋಟ್ಟಕ್ಕಲ್ಲಿನ ತೈಲಚಿಕಿತ್ಸೆ

ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ರೈಲಿನಲ್ಲಿ ಹೊರಟು ತಿರೂರಿನಲ್ಲಿಳಿದು, ಸುಮಾರು 15 ಕಿಲೋಮೀಟರು ಒಳನಾಡಿಗೆ ಸಾಗಿದರೆ ಕೇರಳದ ಕೋಟ್ಟಕ್ಕಲ್ ಎಂಬ ಊರು ಸಿಕ್ಕುವುದು. ವೈದ್ಯರತ್ನಂ ಪಿ. ಎಸ್. ವಾರಿಯರರು 1902ರಲ್ಲಿ ಇಲ್ಲಿ ಆರ್ಯವೈದ್ಯಶಾಲೆಯನ್ನು ಸ್ಥಾಪಿಸಿದರು. ಮೊಣಕಾಲಿನ ವಾತದಿಂದ ಬಳಲುತ್ತಿದ್ದ ನಮ್ಮ ಅಕ್ಕನವರನ್ನು ಕರೆದುಕೊಂಡು ನಾವು ಅಲ್ಲಿಗೆ ಹೋಗಿದ್ದೆವು.

ಅಭ್ಯಂಗವೆಂದರೆ ನಮ್ಮ ಮನೆಗಳಲ್ಲಿ ಹಬ್ಬದ ದಿನದ ಎಣ್ಣೆಸ್ನಾನ. ಕೇರಳೀಯರು ಅದನ್ನು ಹಲವು ಕವಲುಗಳಾಗಿ ಬೆಳೆಸಿದ್ದಾರೆ. ‘ಉಳಿಚ್ಚಿಲ್’ ಎಂಬುದು ತೈಲ ಹಚ್ಚಿ ಅಂಗಾಂಗಗಳನ್ನು ನೀವುವುದು. ‘ಪಿಳಿಚ್ಚಿಲ್’ ಎಂಬುದರಲ್ಲಿ ರೋಗಿಯನ್ನು ಮರದ ದ್ರೋಣಿಯಲ್ಲಿ ಮಲಗಿಸಿ, ಬೆಚ್ಚನೆಯ ತೈಲದಲ್ಲಿ ಅದ್ದಿದ ಬಟ್ಟೆಯನ್ನು ಮೈಮೇಲೆ ಹಿಂಡುತ್ತ ಮೃದುವಾಗಿ ತಿಕ್ಕುವರು; ನಮ್ಮ ಹಳಗನ್ನಡದ ‘ಪಿೞಿ’ ಧಾತುವಿಗೂ ಇದಕ್ಕೂ ಮೂಲವೊಂದೇ. ‘ಞವರಕ್ಕಿಳಿ’ಯಲ್ಲಿ ಞವರವೆಂಬ ಅಕ್ಕಿಯನ್ನು ಹಾಲು ಮತ್ತು ಬಲಾಮೂಲದ ಕಷಾಯದಲ್ಲಿ ಬೇಯಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಅದರಿಂದ ಮೈಯನ್ನು ತೀಡುವರು.

ಪಿಳಿಚ್ಚಿಲ್ ಆ ದಿನವೇ ಆಗಬೇಕೆಂದು ಅಕ್ಕನವರ ಹಟ. ವೈದ್ಯರಾದರೋ ಕಾಲನ್ನು ನೋಡುವ ಮೊದಲು ಹಸಿವನ್ನು ವಿಚಾರಿಸಿದರು. ಅಜೀರ್ಣವಿರುವವರಿಗೆ ಅಭ್ಯಂಗ ಸಲ್ಲದೆಂಬುದು ವಾಗ್ಭಟನ ಅಷ್ಟಾಂಗಹೃದಯದ ಮತ. ಮೂರು ದಿನ ಗಂಜಿಯೂಟ. ಆ ಬಳಿಕವೇ ತೈಲ. ನೋವು ಪೂರ್ತಿ ನೀಗಲಿಲ್ಲ. ಆದರೂ ಹೊರಡುವ ದಿನ ಅವರು ಯಾರ ಹೆಗಲನ್ನೂ ಹಿಡಿಯದೆ, ಊರುಗೋಲಿನಿಂದಲೇ ವಿಶ್ವಂಭರನ ಗುಡಿಯವರೆಗೆ ನಡೆದುಹೋದರು.

ರಜೆಯ ವಿನೋದಕ್ಕಾಗಿ ಒಂದು ಗಂಟೆಯ ಮರ್ದನವನ್ನು ಕೊಳ್ಳುವವರು ಈಗ ಬಹಳ. ಹಿರಿಯರನ್ನು ಇಂಥ ಚಿಕಿತ್ಸೆಗೆ ಕರೆದೊಯ್ಯುವ ಗೃಹಸ್ಥರು ತೈಲದ ಹೆಸರನ್ನು ಕೇಳುವ ಮೊದಲು, ಹಸಿವನ್ನು ಕೇಳುವ ವೈದ್ಯನನ್ನು ಹುಡುಕಬೇಕೆಂದು ನಮ್ಮ ಬಿನ್ನಹ.