ಕೃತ, ಕಾರಿತ, ಅನುಮತ: ಒಂದು ಘಟಿಕೋತ್ಸವದ ಲೆಕ್ಕ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನಕ್ಕೆ ಕಳಂಕ ತರುವ ಎಂಟು ಮದಗಳನ್ನು ಎಣಿಸಿದ್ದಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು ಮತ್ತು ಶರೀರ. ನಮ್ಮಂತಹ ವ್ಯಾಪಾರಸ್ಥರಿಗೆ ಋದ್ಧಿಮದದ ಎಚ್ಚರಿಕೆ ಬಾಲ್ಯದಿಂದಲೇ ಕಿವಿಗೆ ಬಿದ್ದಿರುತ್ತದೆ. ಆದರೆ ಆಚಾರ್ಯರ ಎಣಿಕೆಯಲ್ಲಿ ಮೊದಲ ಸ್ಥಾನ ಜ್ಞಾನಮದಕ್ಕೆ, ಎರಡನೆಯದು ಪೂಜಾಮದಕ್ಕೆ, ಅಂದರೆ ನಾಲ್ವರು ಕೊಡುವ ಮನ್ನಣೆಯಿಂದ ಹುಟ್ಟುವ ಗರ್ವಕ್ಕೆ. ವಿಶ್ವವಿದ್ಯಾನಿಲಯದ ಘಟಿಕೋತ್ಸವವೆಂಬುದು ಇವೆರಡನ್ನೂ ಒಂದೇ ವೇದಿಕೆಯಲ್ಲಿ ಒದಗಿಸುವ ಸಮಾರಂಭ. ಅಣುವ್ರತಗಳನ್ನು ಯಥಾಶಕ್ತಿ ಪಾಲಿಸಬಯಸುವ ಗೃಹಸ್ಥನು ಅಲ್ಲಿಗೆ ಹೋಗಬೇಕೆ? ಹೋದರೆ ಯಾವ ಭಾವದಿಂದ ಹೋಗಬೇಕು? ಅಲ್ಲಿ ದೊರೆತದ್ದನ್ನು ಯಾರ ಖಾತೆಗೆ ಜಮಾ ಮಾಡಬೇಕು? ಈ ಪ್ರಶ್ನೆಗಳು ನನಗೆ ಗ್ರಂಥದಿಂದ ಬಂದವಲ್ಲ, ಅನುಭವದಿಂದ ಬಂದವು. ಆದುದರಿಂದ ಸಾಧರ್ಮಿ ಬಂಧುಗಳ ಮುಂದಿಡುತ್ತಿದ್ದೇನೆ.

ಬಿ.ಕಾಂ. ಮುಗಿಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಾಲ್ಕು ದಶಕಗಳಾದ ಮೇಲೆ, ಪಂಪ, ಪೊನ್ನ, ರನ್ನ, ಜನ್ನರನ್ನು ಕ್ರಮವಾಗಿ ಓದಬೇಕೆಂಬ ಬಯಕೆಯಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕನ್ನಡ ಎಂ.ಎ. ತರಗತಿಗೆ ಸೇರಿದೆ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ಸಂಸ್ಥೆಯ ಮುಂದುವರಿಕೆಯಾಗಿ 1996ರಲ್ಲಿ ಆರಂಭವಾದ ಈ ವಿಶ್ವವಿದ್ಯಾನಿಲಯವು, ಉದ್ಯೋಗ ಬಿಟ್ಟು ಬರಲಾಗದವರಿಗೂ ವಯಸ್ಸು ಮೀರಿದವರಿಗೂ ಬಾಗಿಲು ತೆರೆದಿರುವ ಸಂಸ್ಥೆ. ಪಾಠದ ಪುಸ್ತಕಗಳು ಮನೆಗೇ ಬರುತ್ತವೆ. ಆದರೆ ಓದುವ ಕಣ್ಣು, ಓದಲು ಬಿಡುವು, ಓದಿದ್ದನ್ನು ನೆನಪಿಡುವ ಶಕ್ತಿ ಇವು ಅಂಚೆಯಲ್ಲಿ ಬರುವುದಿಲ್ಲ.

ಅವು ನನಗೆ ಬಂದದ್ದು ನನ್ನ ಸಹಧರ್ಮಿಣಿಯಿಂದ. ಆಕೆಯ ಶಾಲೆಯ ಓದು ಏಳನೆಯ ತರಗತಿಗೆ ನಿಂತಿತು. ಆ ಕಾಲದ ನಮ್ಮ ಕಡೆಯ ಮನೆಗಳಲ್ಲಿ ಅದೇ ರೂಢಿಯಾಗಿತ್ತು. ಆದರೆ ತವರಿನಲ್ಲಿ ನಿತ್ಯವೂ ಸ್ವಾಧ್ಯಾಯ ನಡೆಯುತ್ತಿದ್ದುದರಿಂದ ಪುರಾಣದ ಕಥೆಗಳೂ ಹಳಗನ್ನಡದ ಪದಗಳೂ ಆಕೆಗೆ ಕಿವಿಯ ಮೂಲಕವೇ ಪರಿಚಯವಾಗಿದ್ದವು. ಸಂಜೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ನಾನು ಮತ್ತೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕಣ್ಣು ಸೋತಿರುತ್ತಿತ್ತು. ಆಕೆ ಗಟ್ಟಿಯಾಗಿ ಓದುವಳು, ನಾನು ಕೇಳುವೆನು. ಅರ್ಥವಾಗದ ಶಬ್ದಗಳನ್ನು ಹಳೆಯ ರೋಜು ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳ ಮೇಲೆ ಬರೆದು, ಎದುರಿಗೆ ಅರ್ಥ ಬರೆದಿಡುವಳು. ಜಮಾ ಕಡೆ ಹಳಗನ್ನಡ, ಖರ್ಚಿನ ಕಡೆ ಹೊಸಗನ್ನಡ! ಪರೀಕ್ಷೆಯ ದಿನಗಳಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕುಳಿತವಳೂ ಆಕೆಯೇ.

ಉತ್ತೀರ್ಣನಾದ ಸುದ್ದಿ ಬಂದು, ಮೈಸೂರಿನಲ್ಲಿ ಘಟಿಕೋತ್ಸವವೆಂಬ ತಿಳಿವಳಿಕೆ ಪತ್ರ ಕೈಸೇರಿದಾಗ, "ಪದವಿಪತ್ರ ಅಂಚೆಯಲ್ಲಿಯೂ ಬರುತ್ತದೆ. ಈ ವಯಸ್ಸಿನಲ್ಲಿ ಗೌನು ತೊಟ್ಟು ಮೆರೆಯುವುದು ಮದಕ್ಕೆ ದಾರಿಯಲ್ಲವೆ?" ಎಂದು ಆಕೆಯ ಮುಂದೆ ವಿಚಾರವನ್ನಿಟ್ಟೆ. ಆಕೆ ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ:

"ಕಲಿಸಿದವರು ಕರೆದು ಕೊಡುವುದನ್ನು ಎದ್ದು ನಿಂತು ತೆಗೆದುಕೊಳ್ಳುವುದು ವಿನಯ. ಅಂಚೆಯವನು ಜಗಲಿಯ ಮೇಲಿಟ್ಟು ಹೋದದ್ದನ್ನು ಎತ್ತಿಕೊಳ್ಳುವುದರಲ್ಲಿ ಯಾವ ವಿನಯವಿದೆ? ಮದವೆಂಬುದು ಗೌನಿನಲ್ಲಿ ಇರುವುದಲ್ಲ, ತೊಟ್ಟವರ ಒಳಗೆ ಇರುವುದು. ಅದನ್ನು ನೀವು ನೋಡಿಕೊಳ್ಳಿ. ಮೇಲಾಗಿ ಬೆಳ್ಗೊಳದ ಸ್ವಾಮಿಯ ದರ್ಶನವಾಗಿ ಎಷ್ಟು ವರ್ಷವಾಯಿತು?"

ಆರು ಅಂತರಂಗ ತಪಸ್ಸುಗಳಲ್ಲಿ ಪ್ರಾಯಶ್ಚಿತ್ತದ ತರುವಾಯ ಬರುವುದು ವಿನಯ. ಸ್ವಾಧ್ಯಾಯ ಬರುವುದು ಅದಕ್ಕೂ ಎರಡು ಹೆಜ್ಜೆ ಹಿಂದೆ, ನಾಲ್ಕನೆಯದಾಗಿ. ಸ್ವಾಧ್ಯಾಯಕ್ಕೆ ಪದವಿ ಪಡೆದವನು ವಿನಯವನ್ನು ಬಿಡುವಂತಿಲ್ಲವೆಂದು ಹೊರಡಲು ನಿಶ್ಚಯಿಸಿದೆವು.

ಮೂಡಬಿದಿರೆಯಿಂದ ವೇಣೂರಿನ ಮಾರ್ಗವಾಗಿ ಚಾರ್ಮಾಡಿ ಘಾಟಿಯನ್ನು ಏರಿ, ಬೇಲೂರು, ಹಾಸನ, ಚನ್ನರಾಯಪಟ್ಟಣಗಳನ್ನು ದಾಟಿ ಬೆಳ್ಗೊಳ ಸೇರಿದೆವು. ಸೋಸಿದ ನೀರು, ಕಂದಮೂಲವಿಲ್ಲದ ಬುತ್ತಿ ಜೊತೆಗಿತ್ತು. ಮರುದಿನ ಬೆಳಗಿನ ತಂಪಿನಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಒಬ್ಬರಿಗೊಬ್ಬರು ಕೈಕೊಟ್ಟು ಹತ್ತಿದೆವು.

ಗೊಮ್ಮಟೇಶ್ವರನ ಪಾದದ ಬಳಿಯ ಶಾಸನವು ಚಾವುಂಡರಾಯನು ಈ ಮೂರ್ತಿಯನ್ನು "ಮಾಡಿಸಿದಂ" ಎಂದು ಹೇಳುತ್ತದೆ. ಮಾಡಿದನೆಂದಲ್ಲ, ಮಾಡಿಸಿದನೆಂದು. ಉಳಿ ಹಿಡಿದ ಕೈ ಬೇರೆ, ಮಾಡಿಸಿದ ಮನಸ್ಸು ಬೇರೆ. ಬಾಹುಬಲಿಯ ದರ್ಶನವಾಗಬೇಕೆಂದು ಹಂಬಲಿಸಿ ಇದಕ್ಕೆಲ್ಲ ಕಾರಣಳಾದವಳು ತಾಯಿ ಕಾಳಲಾದೇವಿಯೆಂದು ಪರಂಪರೆ ಹೇಳುತ್ತದೆ. ಸ್ವಾಮಿಯ ಎದುರಿನಲ್ಲಿಯೇ ಗುಳ್ಳಕಾಯಜ್ಜಿಯ ಮೂರ್ತಿ ನಿಂತಿದೆ. ಮಂತ್ರಿಯ ಕೊಡಗಟ್ಟಲೆ ಹಾಲು ಸ್ವಾಮಿಯ ಪಾದವನ್ನು ಮುಟ್ಟದೆ ಹೋದಾಗ, ಮುದುಕಿಯ ಗುಳ್ಳಕಾಯಿಯಷ್ಟು ಹಾಲು ಮುಡಿಯಿಂದ ಅಡಿಯವರೆಗೆ ಹರಿಯಿತೆಂಬ ಐತಿಹ್ಯವನ್ನು ನಾವೆಲ್ಲರೂ ಬಲ್ಲೆವು. ಸನ್ಮಾನಕ್ಕೆ ಹೊರಟವನು ನಡುದಾರಿಯಲ್ಲಿ ಈ ಅಜ್ಜಿಯನ್ನು ಕಂಡು ಹೋಗುವುದು ಹಿತಕರ. ಮಾಡಿಸಿದವನ ಹೆಸರು ಕಲ್ಲಿನಲ್ಲಿದೆ. ಬಿಡಿಸಿದ ಶಿಲ್ಪಿಯ ಹೆಸರು ಅಲ್ಲಿಲ್ಲ. ಹೆಸರಿರುವುದು, ಇಲ್ಲದಿರುವುದು ಪುಣ್ಯದ ಅಳತೆಗೋಲಲ್ಲ.

ಮೈಸೂರಿನ ಸಮಾರಂಭದ ವಿವರಗಳನ್ನು ಉದ್ದವಾಗಿ ಬರೆಯಬೇಕಾಗಿಲ್ಲ. ಗೌನನ್ನು ಬಾಡಿಗೆಗೆ ಪಡೆಯುವಲ್ಲಿ ಆಕೆ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, "ರೇಷ್ಮೆಯಲ್ಲವಷ್ಟೆ?" ಎಂದು ಕೇಳಿ ಸಮಾಧಾನಪಟ್ಟಳು. ಅಭ್ಯರ್ಥಿಗಳ ಆಸನಗಳು ಮುಂದೆ, ಕುಟುಂಬದವರ ಆಸನಗಳು ಬಹಳ ಹಿಂದೆ. ಮೂವತ್ತರ ಒಳಗಿನವರ ನಡುವೆ ನರೆತ ತಲೆಯ ಕೆಲವರು ನಾವಿದ್ದೆವು. ನಮ್ಮ ವಿಷಯದ ಸರದಿ ಬಂದಾಗ ಎಲ್ಲರೊಡನೆ ಎದ್ದು ನಿಂತೆ. ಹಿಂದಿರುಗಿ ನೋಡಿದರೆ ಅಷ್ಟು ದೂರದಲ್ಲಿ ಆಕೆಯೂ ಎದ್ದು ನಿಂತಿದ್ದಳು. ಕುಟುಂಬದವರು ನಿಲ್ಲಬೇಕೆಂಬ ನಿಯಮವೇನೂ ಇರಲಿಲ್ಲ. ಸುತ್ತಲಿನವರು ಕುಳಿತೇ ಇದ್ದರು. ಯಾಕೆ ನಿಂತೆಯೆಂದು ನಾನು ಇಂದಿಗೂ ಕೇಳಿಲ್ಲ.

ಸಮಾರಂಭ ಮುಗಿಯುವಾಗ ಹೊತ್ತು ಇಳಿದಿತ್ತು. ಛಾಯಾಚಿತ್ರಗ್ರಾಹಕರ ಮುಂದೆ ಉದ್ದನೆಯ ಸಾಲು. ಗೌನು ತೊಟ್ಟ ಚಿತ್ರ ಬೇಕಾದರೆ ಸೂರ್ಯಾಸ್ತ ಕಳೆಯುವುದು ಖಂಡಿತ. ಅನಸ್ತಮಿತ ವ್ರತ ಉಳಿಯಬೇಕಾದರೆ ಚಿತ್ರವನ್ನು ಬಿಡಬೇಕು. ನಾವಿಬ್ಬರೂ ಮಾತಿಲ್ಲದೆ ಗೌನು ಹಿಂದಿರುಗಿಸುವ ಕಡೆಗೆ ನಡೆದೆವು. ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚಿದೆವು. ಊಟವಾಗಿ ಕೈ ತೊಳೆದ ಮೇಲೆ ಆಕೆ ಪದವಿಪತ್ರವನ್ನು ಅಕ್ಷರ ಬಿಡದೆ ಓದಿ, ಶಾಸ್ತ್ರಗ್ರಂಥಗಳನ್ನು ಸುತ್ತಿಡುವ ಹತ್ತಿಯ ವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟಳು. ಆ ವಸ್ತ್ರವನ್ನು ಮನೆಯಿಂದಲೇ ತಂದಿದ್ದಳೆಂಬುದು ನನಗೆ ಆಗಲೇ ತಿಳಿದದ್ದು.

ಪತ್ರದ ಮೇಲಿರುವುದು ಒಂದೇ ಹೆಸರು. ಲೌಕಿಕ ನಿಯಮಕ್ಕೆ ಅದು ಸರಿ, ಪರೀಕ್ಷೆ ಬರೆದವನು ನಾನು. ಆದರೆ ಕರ್ಮದ ಖಾತೆಪುಸ್ತಕದಲ್ಲಿ ಬರವಣಿಗೆಯ ಕ್ರಮ ಬೇರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜೀವನ ಕ್ರಿಯೆಗಳನ್ನು ವಿಂಗಡಿಸುವ ಲೆಕ್ಕವನ್ನು ನೋಡಿರಿ. ಸಂಕಲ್ಪಿಸುವುದು, ಸಿದ್ಧತೆ ಮಾಡುವುದು, ಆರಂಭಿಸುವುದು ಎಂದು ಮೂರು. ಮನ, ವಚನ, ಕಾಯಗಳೆಂದು ಮೂರು. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಎಂದು ಮೂರು. ಕ್ರೋಧ, ಮಾನ, ಮಾಯಾ, ಲೋಭಗಳೆಂದು ನಾಲ್ಕು. ಗುಣಿಸಿದರೆ 108. ನಮ್ಮ ಜಪಮಾಲೆಯ ಮಣಿಗಳ ಸಂಖ್ಯೆಗೆ ಹಿರಿಯರು ಕೊಡುವ ವಿವರಣೆಯೂ ಇದೇ. ಈ ಲೆಕ್ಕದಲ್ಲಿ ಕೃತ, ಕಾರಿತ, ಅನುಮತ ಮೂರೂ ಒಂದೇ ಸಾಲಿನಲ್ಲಿ ನಿಂತಿವೆ. ಮಾಡಿದವನದು ಅಸಲು, ಒಪ್ಪಿದವನದು ಬರಿಯ ಬಡ್ಡಿ ಎಂಬ ಭೇದವಿಲ್ಲ.

ಪಾಪದ ವಿಷಯದಲ್ಲಿ ಈ ಮಾತನ್ನು ನಾವು ಆಗಾಗ ಕೇಳುತ್ತೇವೆ. ಪುಣ್ಯದ ಪಕ್ಷದಲ್ಲಿಯೂ ಅದು ಹೀಗೆಯೇ ಎಂಬುದಕ್ಕೆ ಆದಿಪುರಾಣದ ವಜ್ರಜಂಘ-ಶ್ರೀಮತಿಯರ ಕಥೆ ಸಾಕ್ಷಿ. ಆ ದಂಪತಿಗಳು ಅರಣ್ಯದಲ್ಲಿ ಚಾರಣ ಮುನಿಯುಗಲಕ್ಕೆ ಆಹಾರದಾನ ಮಾಡಿದಾಗ ಹುಲಿ, ಹಂದಿ, ಕೋತಿ, ಮುಂಗುಸಿಗಳು ಅದನ್ನು ನೋಡಿ ಮನಸಾರೆ ಮೆಚ್ಚಿದವು. ಕೊಡಲು ಅವುಗಳ ಬಳಿ ಏನೂ ಇರಲಿಲ್ಲ. ಆದರೂ ಆ ಅನುಮೋದನೆಯ ಫಲದಿಂದ ದಂಪತಿಗಳೊಡನೆ ಭೋಗಭೂಮಿಯಲ್ಲಿ ಹುಟ್ಟಿ, ಕಡೆಗೆ ವೃಷಭನಾಥನ ಮಕ್ಕಳಾದವು. ಇನ್ನು ಶ್ರೀಮತಿಯ ವಿಚಾರ. ವಜ್ರಜಂಘನ ಜೀವವು ಮೊದಲ ತೀರ್ಥಂಕರನಾಗಿ ಬಂದು ಆಹಾರಕ್ಕಾಗಿ ಸಂಚರಿಸುವಾಗ, ಕೊಡುವ ವಿಧಿಯನ್ನು ಬಲ್ಲವರು ಲೋಕದಲ್ಲಿ ಒಬ್ಬರೂ ಇರಲಿಲ್ಲ. ಶ್ರೀಮತಿಯ ಜೀವವೇ ಹಸ್ತಿನಾಪುರದಲ್ಲಿ ಶ್ರೇಯಾಂಸನಾಗಿ ಹುಟ್ಟಿತ್ತು. ಹಿಂದಿನ ಭವದ ಆ ದಾನವನ್ನು ನೆನೆದು ಕಬ್ಬಿನ ರಸವನ್ನು ನೀಡಿತು. ಅಕ್ಷಯ ತೃತೀಯೆಯಂದು ನಾವು ಸ್ಮರಿಸುವುದು ಅದನ್ನೇ. ಜೊತೆಯಲ್ಲಿ ಮಾಡಿದ ಧರ್ಮಕಾರ್ಯವನ್ನು ಇಬ್ಬರಲ್ಲಿ ಒಬ್ಬರಾದರೂ ನೆನಪಿಟ್ಟುಕೊಂಡಿರುತ್ತಾರೆ. ದಾಂಪತ್ಯಕ್ಕೆ ಇದಕ್ಕಿಂತ ಮಿಗಿಲಾದ ಅರ್ಥವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಮೂಡಬಿದಿರೆಯ ಭಂಡಾರದಲ್ಲಿಯೇ ಇನ್ನೊಂದು ನಿದರ್ಶನವಿದೆ. ಇಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದ ಸಿದ್ಧಾಂತ ಗ್ರಂಥಗಳಲ್ಲಿ ಮಹಾಬಂಧದ ತಾಳೆಯೋಲೆಯ ಪ್ರತಿಯನ್ನು ಬರೆಯಿಸಿದವಳು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ. ಶ್ರೀಪಂಚಮಿ ನೋಂಪಿಯ ಉದ್ಯಾಪನೆಗೆಂದು ಬರೆಯಿಸಿ ಮಾಘನಂದಿ ಮುನಿಗಳಿಗೆ ಸಮರ್ಪಿಸಿದಳು. ರಚಿಸಿದವಳು ಆಕೆಯಲ್ಲ, ಬರೆದವಳೂ ಆಕೆಯಲ್ಲ. ಆದರೆ ಆಕೆ ಬರೆಯಿಸದಿದ್ದರೆ ಓದುವವರಿಗೆ ಆ ಗ್ರಂಥ ಉಳಿಯುತ್ತಿತ್ತೇ? ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದೂ ಇದೇ ಬಗೆಯ ಪುಣ್ಯ.

ವಾಣಿಜ್ಯದ ಮಾತಿನಲ್ಲಿ ಹೇಳುವುದಾದರೆ, 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಪಾಲುದಾರರ ನಡುವೆ ಬೇರೆ ಕರಾರಿಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಅಂಗಡಿಯ ಬೋರ್ಡಿನಲ್ಲಿ ಹೆಸರಿಲ್ಲದ ಸ್ಲೀಪಿಂಗ್ ಪಾರ್ಟ್‌ನರನ ಪಾಲನ್ನು ವರ್ಷದ ಕೊನೆಯಲ್ಲಿ ತಪ್ಪದೆ ಲೆಕ್ಕ ಹಾಕುವ ನಾವು, ರಾತ್ರಿಯೆಲ್ಲ ಎಚ್ಚರವಿದ್ದು ಓದಿಸಿದವಳ ಪಾಲನ್ನು "ಮನೆಯವರ ಸಹಕಾರ" ಎಂಬ ಎರಡು ಪದಗಳಲ್ಲಿ ಮುಗಿಸುವುದು ನ್ಯಾಯವಲ್ಲ. ಇದು ಸೌಜನ್ಯದ ಮಾತಲ್ಲ, ಅಚೌರ್ಯದ ಮಾತು. ಇನ್ನೊಬ್ಬರಿಗೆ ಸಲ್ಲಬೇಕಾದದ್ದನ್ನು ತನ್ನದೆಂದು ಬರೆದುಕೊಳ್ಳದಿರುವುದೇ ಅಚೌರ್ಯ. ಪಾಲುದಾರರಿದ್ದಾರೆಂಬ ಅರಿವಿದ್ದಲ್ಲಿ ಜ್ಞಾನಮದವು ತಾನಾಗಿಯೇ ತಗ್ಗುತ್ತದೆ. ಪಾಲಿಗೆ ಬಂದ ಆಸ್ತಿಯ ಮೇಲೆ ಒಬ್ಬನೇ ಜಂಬಪಡುವುದು ಹೇಗೆ?

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. ಅನುಮೋದನೆಯಿಂದ ಪುಣ್ಯದಲ್ಲಿ ಪಾಲು ಬರುವುದಾದರೆ, ಅನುಚಿತಕ್ಕೆ ಒಪ್ಪಿ ಸುಮ್ಮನಿದ್ದವರಿಗೆ ಅದರಲ್ಲಿಯೂ ಪಾಲು ಬರುತ್ತದೆ. ತೂಕದಲ್ಲಿ ಕಡಿಮೆ ಮಾಡಿ ತಂದ ಲಾಭವನ್ನು ಮನೆಮಂದಿ ಮೆಚ್ಚಿ ಉಂಡರೆ ಅದೂ ಅನುಮತವೇ. ಓದಬಲ್ಲ ಹುಡುಗಿಯನ್ನು ಏಳನೆಯ ತರಗತಿಗೆ ನಿಲ್ಲಿಸಿದ ಕಾಲದಲ್ಲಿ ಬಿಡಿಸಿದವರು ಒಬ್ಬರಿಬ್ಬರು, "ಸರಿ" ಎಂದವರು ಇಡೀ ಊರು. ವೃಷಭನಾಥನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದನೆಂದು ಹೆಮ್ಮೆಪಡುವ ಸಮಾಜವಿದು. ಲೋಕಕ್ಕೆ ವಿದ್ಯೆ ಹೆಣ್ಣುಮಕ್ಕಳ ಮೂಲಕ ಬಂದಿತೆಂದು ಪುರಾಣ ಹೇಳುವಾಗ, ಆ ಸಾಲವನ್ನು ತೀರಿಸುವ ಹೊಣೆ ನಮ್ಮದು.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ವಿನಂತಿಸುವುದೇನೆಂದರೆ, ಶಾಸ್ತ್ರದಾನದ ನಿಧಿಯಿಂದ ಗ್ರಂಥ ಮುದ್ರಣಕ್ಕೆ ಕೊಡುವಂತೆ, ನಡುವೆ ಓದು ಬಿಟ್ಟ ಗೃಹಿಣಿಯರ ಪರೀಕ್ಷಾ ಶುಲ್ಕಕ್ಕೂ ಒಂದು ಭಾಗವನ್ನು ತೆಗೆದಿರಿಸಬಹುದು. ಓದಿಸುವುದೂ ಶಾಸ್ತ್ರದಾನವೇ. ದಾನಿಗಳ ಫಲಕದಲ್ಲಿ ಗಂಡನ ಹೆಸರಿನ ಜೊತೆ ಹೆಂಡತಿಯ ಹೆಸರನ್ನೂ, ಮಗನ ಹೆಸರಿನ ಜೊತೆ ತಾಯಿಯ ಹೆಸರನ್ನೂ ಬರೆಯಿಸಿದರೆ ಕಲ್ಲಿಗೆ ಭಾರವಾಗುವುದಿಲ್ಲ. ಗೃಹಸ್ಥರು ಸನ್ಮಾನಕ್ಕೆ ಹೋಗುವಾಗ ಸಂಗಾತಿಯನ್ನು ಕರೆದುಕೊಂಡು ಹೋಗಲಿ. ಅಲಂಕಾರಕ್ಕಾಗಿ ಅಲ್ಲ, ಪಾಲುದಾರರಾಗಿ.

ನನ್ನ ಸಹಧರ್ಮಿಣಿ ಈಗ ಆ ಹಳೆಯ ರೋಜು ಪುಸ್ತಕಗಳನ್ನು ಹಿಡಿದುಕೊಂಡು ಭಾನುವಾರಗಳಲ್ಲಿ ಬಸದಿಯ ಪಾಠಶಾಲೆಯ ಮಕ್ಕಳಿಗೆ ಆದಿಪುರಾಣದ ಕಥೆಗಳನ್ನು ಹೇಳುತ್ತಾಳೆ. ಪದದ ಅರ್ಥ ತಿಳಿಯದಿದ್ದರೆ ಮಕ್ಕಳು ಆಕೆಯನ್ನು ಕೇಳುತ್ತಾರೆ, ಎಂ.ಎ. ಮಾಡಿದ ನನ್ನನ್ನಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಅದನ್ನು ಅನುಮೋದಿಸುತ್ತೇನೆ.