ಶಿರೋಳದ ಎರೆಮಣ್ಣು, ಸಂಗನಹಾಳದ ದ್ರಾಕ್ಷಿ

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಮಾದಲಿ ಊಟ ಅರ್ಧ ಆಗಿತ್ತು, ಅಣ್ಣ ವಿಷಯ ತೆಗೆದ.

"ಬೋರ್ ಇರೋ ಹೊಲದಾಗ ಎರಡು ಎಕರೆ ದ್ರಾಕ್ಷಿ ಹಚ್ಚೂಣು. ತಿನ್ನೂದಲ್ಲ, ವೈನಿಂದು. ನಾಕೈದು ವರ್ಷ ಬಿಟ್ಟು ನಮ್ದ ಒಂದು ಸಣ್ಣ ವೈನರಿ."

ಅಪ್ಪ ತಲೆ ಎತ್ತಲಿಲ್ಲ. ಆಯಿ ಕೇಳಿದಳು: "ವೈನ್ ಅಂದ್ರ ಏನೋ?" ಅವ್ವ ಮೆಲ್ಲಗೆ "ಸೆರೆ" ಅಂದಳು. ಆಮೇಲೆ ಯಾರೂ ಮಾತಾಡಲಿಲ್ಲ, ತುಪ್ಪದ ಬಟ್ಟಲು ಮಾತ್ರ ಕೈಯಿಂದ ಕೈಗೆ ಹೋಯ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಶಿರೋಳ ಅಂದ್ರೆ ಗದಗ ಜಿಲ್ಲೆ, ನರಗುಂದ ತಾಲೂಕು. ಸುತ್ತ ಕಣ್ಣು ಹಾಯೋ ತನಕ ಎರೆ ಹೊಲ. ಬಿಳಿಜೋಳ, ಕಡಲೆ, ಹತ್ತಿ, ಹೆಸರು. ಹೊರಗಿನವರಿಗೆ ನಮ್ಮೂರು ಗೊತ್ತಿದ್ದರೆ ಅದು ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಿಂದ. ಮನೆಮನೆಯಿಂದ ಬಂದ ಖಡಕ್ ರೊಟ್ಟಿಯನ್ನ ಜಾತಿ ಕೇಳದೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಕರಿಂಡಿ ಹಚ್ಚಿಕೊಂಡು ಉಣ್ತಾರೆ. ಆಯಿ ಇವತ್ತಿಗೂ ಜಾತ್ರೆಗೆ ಅಂತ ತಾನೇ ರೊಟ್ಟಿ ಬಡೀತಾಳೆ, ಯಾರಿಗೂ ಬಿಟ್ಟುಕೊಡಲ್ಲ. ಇಂಥ ಮನೆಯಲ್ಲಿ ವೈನರಿ ಮಾತು!

ನಿಜ ಹೇಳಬೇಕಂದ್ರೆ ಇದಕ್ಕೆಲ್ಲ ಕಾರಣ ನಾನೇ. ಕೆಲವು ವರ್ಷದ ಹಿಂದೆ ಆಫೀಸಿನ ಟೀಮ್ ಔಟಿಂಗ್ ಅಂತ ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ವೈನರಿಗೆ ಹೋಗಿದ್ವಿ. ಉಳಿದವರು ಗ್ಲಾಸ್ ಹಿಡಿದು ಫೋಟೋ ತೆಗೀತಿದ್ರು. ನಾನು ಬಳ್ಳಿ ಸಾಲು, ಸ್ಟೀಲ್ ಟ್ಯಾಂಕ್, ನೆಲಮಾಳಿಗೆಯ ಓಕ್ ಪೀಪಾಯಿ ಎಲ್ಲ ವಿಡಿಯೋ ಮಾಡಿ ಅಣ್ಣನಿಗೆ ಕಳಿಸಿದ್ದೆ. "ಒಂದು ಕುಟುಂಬ ಮಾಡಿದ್ದಂತ ನೋಡು" ಅಂತ ಬರೆದಿದ್ದೆ. ಆ ಒಂದು ಸಾಲು ಅವನ ತಲೆಯಲ್ಲಿ ಬೇರು ಬಿಟ್ಟಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆ ಕುಟುಂಬದ ಕಥೆ ಚೆನ್ನಾಗಿದೆ. ಕನ್ವಲ್ ಗ್ರೋವರ್ ರೈತರಲ್ಲ, ಮುಂಬೈಯ ವ್ಯಾಪಾರಿ. ಯಂತ್ರೋಪಕರಣಗಳ ವ್ಯವಹಾರಕ್ಕೆ ಫ್ರಾನ್ಸಿಗೆ ಹೋಗಿ ಬಂದು ಮಾಡ್ತಿದ್ದವರಿಗೆ ಅಲ್ಲಿನ ಊಟದ ಜೊತೆಗಿನ ವೈನ್ ಹಿಡಿಸಿಬಿಡ್ತು. ನಮ್ಮ ದೇಶದಲ್ಲಿ ಯಾಕೆ ಆಗಬಾರದು ಅಂತ ಹೊರಟರು. ಶಾಂಪೇನ್ ಸೀಮೆಯ ಬೂಝಿ ಅನ್ನೋ ಊರಿನ ಜಾರ್ಜ್ ವೆಸೆಲ್ ಅನ್ನೋ ಪರಿಣತರು ಜೊತೆಯಾದರು. ಮುಂದೆ ವರ್ಷಗಟ್ಟಲೆ ಪ್ರಯೋಗ. ಫ್ರಾನ್ಸಿನ ತಳಿಗಳನ್ನ ತಂದು ನೆಡೋದು, ಯಾವುದು ಬದುಕುತ್ತೆ, ಯಾವುದು ಸಾಯುತ್ತೆ ನೋಡೋದು. ಕೊನೆಗೆ ನಂದಿ ಬೆಟ್ಟದ ತಪ್ಪಲು ಗಟ್ಟಿಯಾಯ್ತು. ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಮಣ್ಣು. ಕಂಪನಿ ಶುರುವಾದದ್ದು 1988ರಲ್ಲಿ. ಮೊದಲ ಬಾಟಲಿ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ತೊಂಬತ್ತರ ದಶಕದ ನಡುವೆ ಬೋರ್ಡೊದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಬಂದರು. ಮಗ ಕಪಿಲ್ ಗ್ರೋವರ್ ಮುಂದುವರಿಸಿದರು. 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ವೈನರಿ ಜೊತೆ ಸೇರಿ ಅದು ಗ್ರೋವರ್ ಜಂಪಾ ಆಯ್ತು.

ಅಣ್ಣನಿಗೆ ಇದರಲ್ಲಿ ಕಂಡದ್ದು "ಕುಟುಂಬ". ನನಗೆ ಈಗ ಕಾಣೋದು "ವರ್ಷಗಟ್ಟಲೆ".

ಸಂಕ್ರಾಂತಿ ಮರುದಿನ ಬೆಳಿಗ್ಗೆ ಅಣ್ಣ ಬೈಕ್ ತೆಗೆದ. "ದೊಡ್ಡಬಳ್ಳಾಪುರ ಬಿಡು. ನಮ್ಮ ಮಗ್ಗಲಕ್ಕ ಐತಿ, ಬಾ ತೋರಸ್ತೀನಿ." ಹೊರಟದ್ದು ಕೊಪ್ಪಳ ಜಿಲ್ಲೆಯ ಸಂಗನಹಾಳದ ಕಡೆಗೆ. ಅಲ್ಲಿ ಕರಿಸ್ಮಾ ಎಸ್ಟೇಟ್ಸ್ ಇದೆ, 'ಹಂಪಿ ಹಿಲ್ಸ್' ಅಂತ ಲೇಬಲ್ ಮೇಲೆ ಬರೆಯೋ ವೈನರಿ.

ಈ ದಾರಿಯನ್ನ ನಾನು ಎಷ್ಟೋ ಸಲ ಬಸ್ಸಿನಲ್ಲಿ ನಿದ್ದೆ ಮಾಡ್ತಾ ದಾಟಿದ್ದೀನಿ. ಈ ಸಲ ಮಣ್ಣು ನೋಡ್ತಾ ಹೋದೆ. ರೋಣದ ತನಕ ಅದೇ ಕರಿ ನೆಲ. ಜೋಳ ತೆನೆ ಕಟ್ಟಿತ್ತು, ಕಡಲೆ ಹೊಲದಲ್ಲಿ ಹುಳಿ ವಾಸನೆ. ಗಜೇಂದ್ರಗಡ ಹತ್ತಿರ ಬಂದ ಹಾಗೆ ನೆಲ ಏಳುತ್ತೆ, ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣಿಸ್ತವೆ, ಮಣ್ಣು ಕೆಂಪಾಗುತ್ತೆ. ಕಾಲಕಾಲೇಶ್ವರನ ಗುಡಿಗೆ ಹತ್ತಿ, ಬಂಡೆ ಸಂದಿನಿಂದ ನೀರು ಜಿನುಗೋ ಅಂತರಗಂಗೆಯಲ್ಲಿ ಮುಖ ತೊಳ್ಕೊಂಡ್ವಿ. ಅಣ್ಣ ಮೆಟ್ಟಿಲ ಪಕ್ಕದ ಒಂದು ಹಿಡಿ ಗರಸು ಮಣ್ಣು ತೆಗೆದು ಬೆರಳ ಸಂದಿಯಿಂದ ಸುರಿದ. "ನೋಡು, ನೀರು ಹಿಡ್ಯಾಂಗಿಲ್ಲ ಇದು. ದ್ರಾಕ್ಷಿಗೆ ಇಂಥಾದ್ದ ಬೇಕು."

"ನಮ್ಮದು?"

ಅವನು ಉತ್ತರ ಕೊಡಲಿಲ್ಲ. ನಮ್ಮ ಎರೆ ಮಳೆಗಾಲದಲ್ಲಿ ಕಾಲಿಗೆ ಕಿಲೋಗಟ್ಟಲೆ ಅಂಟುತ್ತೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತೆ. ಜೋಳಕ್ಕೆ ಅದು ಅಮೃತ, ಹಿಂಗಾರಿನಲ್ಲಿ ಬರೀ ತೇವದ ಮೇಲೇ ಬೆಳೆ ತೆಗೆದುಕೊಡುತ್ತೆ. ಆದರೆ ದ್ರಾಕ್ಷಿ ಬೇರಿಗೆ ಕಾಲಡಿ ನೀರು ನಿಂತರೆ ಆಗಿಬರಲ್ಲ.

ಆಗೋದೇ ಇಲ್ಲ ಅಂತಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ಮಾಡೋ ರೈತರಲ್ಲಿ ಕರಿ ಮಣ್ಣಿನವರೂ ಇದ್ದಾರೆ. ಅವರ ಉಪಾಯ ಏನಂದ್ರೆ ಮೊದಲು ಡಾಗ್‌ರಿಡ್ಜ್ ಅನ್ನೋ ಕಾಡುಜಾತಿಯ ಬೇರು ನೆಡ್ತಾರೆ. ಅದು ಉಪ್ಪು, ಬರ ಎರಡನ್ನೂ ತಾಳುತ್ತೆ. ಆರೇಳು ತಿಂಗಳ ಮೇಲೆ ಬೇಕಾದ ತಳಿಯನ್ನ ಅದಕ್ಕೆ ಕಸಿ ಕಟ್ತಾರೆ. ಇನ್ನು ನಮ್ಮ ಹವಾಮಾನದಲ್ಲಿ ಬಳ್ಳಿಗೆ ಯುರೋಪಿನ ಥರ ಚಳಿಗಾಲದ ನಿದ್ದೆ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದ್ರೆ ಬಳ್ಳಿ ಕತ್ತರಿಸೋದು. ಏಪ್ರಿಲ್‌ನಲ್ಲಿ ಕಡ್ಡಿಗಾಗಿ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ. ಎರಡು ಚಾಟ್ನಿ, ಒಂದೇ ಬೆಳೆ. ಫ್ರಾನ್ಸಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ದರೆ ನಮ್ಮಲ್ಲಿ ಫೆಬ್ರವರಿ, ಮಾರ್ಚ್. ಇದನ್ನೆಲ್ಲ ಅಣ್ಣ ಬೈಕ್ ಮೇಲೆ ಕೂಗಿ ಕೂಗಿ ಹೇಳಿದ. ಅವನ ಹೋಮ್‌ವರ್ಕ್ ನೋಡಿ ನನಗೆ ಸ್ವಲ್ಪ ನಾಚಿಕೆಯೇ ಆಯ್ತು.

ಸಂಗನಹಾಳದ ಕಡೆ ನೆಲ ಪೂರ್ತಿ ಬೇರೆ. ಕೆಂಪು ಮಣ್ಣು, ಕಲ್ಲು, ಕುರುಚಲು. ನಾವು ಮೊದಲೇ ಕೇಳಿ ಹೋಗಿರಲಿಲ್ಲ, ಹಾಗಾಗಿ ರಸ್ತೆಯಲ್ಲೇ ನಿಂತು ನೋಡಿದ್ವಿ. ತಂತಿಗೆ ಕಟ್ಟಿದ ಬಳ್ಳಿಗಳ ಸಾಲು, ಕೆಳಗೆ ಡ್ರಿಪ್ ಪೈಪು. ಗೊಂಚಲು ಕಾಯಿ ನಮ್ಮ ತಿನ್ನೋ ದ್ರಾಕ್ಷಿಯಷ್ಟು ದಪ್ಪ ಇರಲ್ಲ. ವೈನಿಗೆ ಸಣ್ಣ ಕಾಯಿ, ದಪ್ಪ ಸಿಪ್ಪೆಯೇ ಬೇಕು. ಕೆಂಪು ವೈನಿನ ಬಣ್ಣ, ಒಗರು ಎಲ್ಲ ಸಿಪ್ಪೆಯಿಂದ ಬರೋದು.

ಇದನ್ನ ಕಟ್ಟಿದವರು ಹೈದರಾಬಾದಿನ ಕೃಷ್ಣ ಪ್ರಸಾದ್ ಚಿಗುರುಪಾಟಿ ಮತ್ತು ಉಮಾ ದಂಪತಿ. ಕೃಷ್ಣ, ಉಮಾ ಸೇರಿ 'ಕರಿಸ್ಮಾ'. ಗ್ರಾನ್ಯೂಲ್ಸ್ ಇಂಡಿಯಾ ಅನ್ನೋ ಔಷಧ ಕಂಪನಿ ಅವರದೇ. ನೀವು ಜ್ವರಕ್ಕೆ ನುಂಗೋ ಪ್ಯಾರಾಸಿಟಮಾಲ್ ಅವರ ಮುಖ್ಯ ಉತ್ಪನ್ನಗಳಲ್ಲೊಂದು. ಇಬ್ಬರೂ ಏಳು ಖಂಡಗಳಲ್ಲಿ ಮ್ಯಾರಥಾನ್ ಓಡಿದವರು. ವೈನ್ ಹುಚ್ಚು ಹಿಡಿದು, 2000ದ ದಶಕದ ಕೊನೆಯ ಹೊತ್ತಿಗೆ ಇಲ್ಲಿ ಕ್ಯಾಬರ್ನೆ ಸೊವಿನ್ಯೋಂ, ಸಾಂಜೊವೇಸೆ, ಸೊವಿನ್ಯೋಂ ಬ್ಲಾಂ ಥರದ ತಳಿಗಳನ್ನ ಹಚ್ಚಿದರು. ಬೇರೆಯವರಿಂದ ಹಣ್ಣು ಕೊಳ್ಳದೆ ತಮ್ಮ ತೋಟದ ಹಣ್ಣಿನಿಂದಲೇ ವೈನ್ ಮಾಡೋದು ಅವರ ಹಠ.

ಅಣ್ಣ ಬಹಳ ಹೊತ್ತು ನಿಂತ. ನಾನು ಫೋನ್ ತೆಗೆದು ಫೋಟೋ ತೆಗೆಯೋಕೆ ಹೋದೆ, ಯಾಕೋ ಮನಸ್ಸು ಬರಲಿಲ್ಲ.

ವಾಪಸ್ ಬರುವಾಗ ಗಜೇಂದ್ರಗಡದಲ್ಲಿ ಮಿರ್ಚಿ, ಚಹಾಕ್ಕೆ ಕೂತ್ವಿ. ಮೊಬೈಲಿನಲ್ಲಿ ಒಂದು ಶೀಟ್ ತೆರೆದೆ, ನಮ್ಮ ಜಾತಿಯವರ ಚಟ ಅದು (ಇಂಜಿನಿಯರ್ ಜಾತಿ). ಒಂದು ಬಾಟಲಿಗೆ ಹೆಚ್ಚೂ ಕಡಿಮೆ ಒಂದು ಕಿಲೋಗಿಂತ ತುಸು ಜಾಸ್ತಿ ದ್ರಾಕ್ಷಿ ಬೇಕು. ಎಕರೆಗೆ ನಾಲ್ಕು ಟನ್ ಬಂತು ಅಂತಿಟ್ಟುಕೊಂಡರೆ ಎರಡು ಎಕರೆಗೆ ಸುಮಾರು 7,000 ಬಾಟಲಿ. ಯಾರು ಕೊಳ್ಳೋರು? ನರಗುಂದದ ಸಂತೆಯಲ್ಲಿ ಮಾರೋಕಾಗುತ್ತಾ? ಅಬಕಾರಿ ಲೈಸೆನ್ಸ್ ಬೇಕು. ಇನ್ನೊಂದು ರಾಜ್ಯಕ್ಕೆ ಕಳಿಸಬೇಕಂದ್ರೆ ಅಲ್ಲಿ ಮತ್ತೆ ಲೇಬಲ್ ನೋಂದಣಿ, ಮತ್ತೆ ಸುಂಕ. ಮೊದಲ ಒಳ್ಳೆ ಬೆಳೆಗೇ ಮೂರು ವರ್ಷ. ಟ್ಯಾಂಕು, ಪ್ರೆಸ್ಸು, ತಂಪು ಮಾಡೋ ಯಂತ್ರ ಎಲ್ಲ ಅದಕ್ಕೂ ಮೊದಲೇ ಬರಬೇಕು, ಯಾಕಂದ್ರೆ ಕೊಯ್ದ ಹಣ್ಣು ಕಾಯಲ್ಲ.

"ಅಣ್ಣಾ, ಒಂದು ಮಾತು ಹೇಳ್ಲಾ?" ಅಂದೆ. "ಅವರು ಯಂತ್ರದ ವ್ಯಾಪಾರದಿಂದ ಬಂದ್ರು. ಇವರು ಔಷಧ ಕಂಪನಿಯಿಂದ. ಬಳ್ಳಿ ಸತ್ರೂ ಅವರ ಮನಿ ಒಲಿ ಆರಂಗಿಲ್ಲ. ಹೊರಗಿನ ದುಡ್ಡು ಹೊಲಕ್ಕ ಬಂದು ವೈನರಿ ಆಗ್ಯಾವು. ಹೊಲದ ದುಡ್ಡಿಂದ ಆಗಿಲ್ಲ. ನಮ್ಮ ಕಡೆ ಇರೋದು ಬರೀ ಹೊಲ."

ಅವನು ಮಿರ್ಚಿ ಮುರಿದು ನನ್ನನ್ನೇ ನೋಡಿದ. "ಹೊರಗಿನ ದುಡ್ಡು ನೀನ ಅಲ್ಲೇನೋ ತಮ್ಮಾ?"

ಇಲ್ಲಿ ನನ್ನ ಬಾಯಿ ಕಟ್ಟಿತು. ಬೆಂಗಳೂರಿನಲ್ಲಿ ಫ್ಲ್ಯಾಟಿನ ಡೌನ್ ಪೇಮೆಂಟಿಗೆ ಅಂತ ಆರು ವರ್ಷದಿಂದ ಕೂಡಿಟ್ಟದ್ದು ಇದೆ. ಅವನು ಊರಲ್ಲೇ ಉಳಿದು ಹೊಲ ನೋಡಿಕೊಂಡದ್ದರಿಂದಲೇ ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ್ದು. ಫೀಸಿನ ವರ್ಷ ಎತ್ತು ಮಾರಿದ್ದು ನನಗೆ ನೆನಪಿದೆ. ಅವನು ಅದನ್ನ ಹೇಳಲಿಲ್ಲ. ಎಂದೂ ಹೇಳಿಲ್ಲ.

ರಾತ್ರಿ ಪಡಸಾಲೆಯಲ್ಲಿ ಅಪ್ಪ ಮೊದಲ ಸಲ ಮಾತಾಡಿದರು. ಅವರ ತಕರಾರು ಸೆರೆ ಬಗ್ಗೆ ಅಲ್ಲವೇ ಅಲ್ಲ. "ನೀರು ಎಲ್ಲಿಂದ ತರ್ತೀ?" ಅಷ್ಟೇ. ನಮ್ಮ ತಾಲೂಕಿನಲ್ಲಿ ನೀರಿನ ಮಾತು ಹಗುರ ಅಲ್ಲ. ಮಲಪ್ರಭಾ ಕಾಲುವೆ ಬರುತ್ತೆ ಅಂತ ಕರ ಹೇರಿ, ಅದನ್ನ ವಿರೋಧಿಸಿದ ರೈತರ ಮೇಲೆ 1980ರ ಜುಲೈ 21ರಂದು ಗುಂಡು ಹಾರಿದ ಊರು ನರಗುಂದ. ಮಹದಾಯಿಗಾಗಿ 2015ರಿಂದ ವರ್ಷಗಟ್ಟಲೆ ಪೆಂಡಾಲ್ ಹಾಕಿ ಕೂತದ್ದೂ ಅಲ್ಲೇ. ಅಪ್ಪನೂ ಆ ಪೆಂಡಾಲಿನಲ್ಲಿ ಕೂತವರು. ನೀರು ಬಂದ ಕಡೆ ಸವಳು-ಜವಳು ಆಗಿ ಕೆಟ್ಟ ಹೊಲಗಳನ್ನೂ ಅವರು ನೋಡಿದ್ದಾರೆ. "ಜ್ವಾಳ ಒಂದು ವರ್ಷ ಕೈ ಕೊಟ್ರ ಮುಂದಿನ ವರ್ಷ ಮತ್ತ ಬಿತ್ತಬಹುದು. ಬಳ್ಳಿ ಒಣಗಿದ್ರ?"

ಅಣ್ಣ ಸರ್ಕಾರದ ನೀತಿ ತೆಗೆದ. 2007ರಲ್ಲೇ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿದೆ, ಅದಕ್ಕೆ ಮಂಡಳಿಯೂ ಇದೆ ಅಂದ. "ಅವರು ವೈನ್ ಅನ್ನಂಗಿಲ್ಲ ಆಯಿ, ದ್ರಾಕ್ಷಾರಸ ಅಂತಾರ."

ಆಯಿ ಬತ್ತಿ ಹೊಸೆಯೋದು ನಿಲ್ಲಿಸಿದಳು. "ದ್ರಾಕ್ಷಾರಸನಾ? ಅದು ಔಷಧಿ ಆತಲ್ಲೋ. ನಿಮ್ಮಪ್ಪ ಹುಟ್ಟಿದಾಗ ನನಗ ದ್ರಾಕ್ಷಾರಿಷ್ಟ ಕುಡಿಸಿದ್ರು." ಅವ್ವ ನಕ್ಕಳು. ಅಪ್ಪನ ಮೀಸೆ ಕೂಡ ಸ್ವಲ್ಪ ಅಲುಗಿತು. ಆಯಿಗೆ ನಾವು ಮೋಸ ಮಾಡಿದಂಗಾಯ್ತೋ, ಆಯಿ ನಮ್ಮನ್ನ ಆಟ ಆಡಿಸಿದಳೋ, ನನಗೆ ಇನ್ನೂ ಗೊತ್ತಾಗಿಲ್ಲ.

ಎರಡು ಎಕರೆ ಮಾತು ಅಲ್ಲಿಗೆ ನಿಂತಿದೆ. ಫೆಬ್ರವರಿ ಕೊನೆಗೆ ಅಣ್ಣ ವಿಜಯಪುರ ಕಡೆಯಿಂದ ಐವತ್ತು ಡಾಗ್‌ರಿಡ್ಜ್ ಸಸಿ ತಂದು ದನದ ಹಕ್ಕಿ ಹಿಂದಿನ ಎತ್ತರದ ಜಾಗದಲ್ಲಿ ಹಚ್ಚಿದ. ಗುಂಡಿಗೆ ಗಜೇಂದ್ರಗಡದ ಕಡೆಯಿಂದ ಒಂದು ಟ್ರಾಕ್ಟರ್ ಗರಸು ತರಿಸಿ ಹಾಕಿದ್ದಾನೆ. ಡ್ರಿಪ್ ಪೈಪಿನ ದುಡ್ಡು ನಂದು. ಫ್ಲ್ಯಾಟಿನ ದುಡ್ಡು ಹಾಗೇ ಇದೆ, ಸದ್ಯಕ್ಕೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಏಳು ಸಸಿ ಸತ್ತಿವೆ, ಉಳಿದವು ಚಿಗುರಿವೆ. ಆಯಿ ತಂಬಿಗೆ ಹಿಡಿದು ಒಂದರ ಬುಡಕ್ಕೆ ನೀರು ಹಾಕ್ತಿದ್ದಳು. ಡ್ರಿಪ್ ಇದೆ ಅಂದ್ರೂ ಕೇಳಲ್ಲ.

"ಹಣ್ಣು ಯಾವಾಗೋ?" ಅಂತ ಅಲ್ಲಿಂದಲೇ ಕೂಗಿದಳು.

"ಇದು ಬರೀ ಬೇರು ಆಯಿ," ಅಂದ ಅಣ್ಣ. "ಕಸಿ ಕಟ್ಟೂದು ಸಪ್ಟೆಂಬರ್‌ಕ್ಕ."