ಕಲ್ಯಾಣಕುಮಾರನೂ ನಮ್ಮ ಮನೆ ಹೆಂಗಸರೂ

ನಮ್ಮ ಹರೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ಇನ್ನೂ ಇವೆ. ಅಂಥ ಮನೆಗೆ ಹೋಗಿ, ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬರನ್ನು "ನಿಮ್ಮ ಕಾಲದಲ್ಲಿ ಚೆಂದದ ಹೀರೋ ಯಾರು?" ಅಂತ ಕೇಳಿ ನೋಡಿ. ಗಂಡುಮಕ್ಕಳು ಪಕ್ಕದಲ್ಲಿದ್ದರೆ "ಇನ್ಯಾರು, ರಾಜಕುಮಾರ್" ಅಂತಾರೆ. ಅದೇ ಅಜ್ಜಿ ಒಬ್ಬರೇ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಗ ಕೇಳಿದರೆ ಸ್ವಲ್ಪ ತಡೆದು, ಸೆರಗು ಸರಿಮಾಡಿಕೊಂಡು, "ಕಲ್ಯಾಣಕುಮಾರ್ ಅಂತ ಒಬ್ಬ ಇದ್ದ" ಅಂತಾರೆ. ನಾನು ಹೀಗೆ ಕೇಳಿ ಈ ಉತ್ತರ ಪಡೆದದ್ದು ಒಂದೆರಡು ಮನೆಯಲ್ಲಲ್ಲ. ಆ ತಡೆದು ಹೇಳುವ ಉತ್ತರದ ಬಗ್ಗೆಯೇ ಈ ಬರಹ.

ಈಗಿನ ಮಕ್ಕಳಿಗೆ ಕಲ್ಯಾಣಕುಮಾರ್ ಅಂದರೆ ಯಾರು ಅಂತ ಗೊತ್ತಿರಲಾರದು. ಬೆಂಗಳೂರಿನವರು. 1954ರಲ್ಲಿ 'ನಟಶೇಖರ' ಚಿತ್ರದಿಂದ ನಾಯಕರಾದರು. ಅದೇ ವರ್ಷವೇ ರಾಜಕುಮಾರ್ ಅವರ 'ಬೇಡರ ಕಣ್ಣಪ್ಪ' ಬಂದದ್ದು. ರಾಜಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಈ ಮೂವರನ್ನೂ ಸೇರಿಸಿ ಜನ ಕುಮಾರತ್ರಯರು ಅಂತ ಕರೆಯುತ್ತಿದ್ದರು. 1962ರ 'ಭೂದಾನ'ದಲ್ಲಿ ಮೂವರೂ ಒಟ್ಟಿಗೆ ಇದ್ದಾರೆ. ರಾಜಕುಮಾರ್ ನಮ್ಮ ಕಡೆಯವರೇ. ಅವರು ಹುಟ್ಟಿದ ಗಾಜನೂರು ಈಗ ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಕಡೆ ಇದೆ. ಅವರು ಕತ್ತಿ ಹಿಡಿದರೆ ಗಂಡಸರು ಎದ್ದು ನಿಂತು ಶಿಳ್ಳೆ ಹೊಡೆಯುವರು. 1975ರಲ್ಲಿ 'ಮಯೂರ' ಬಂದಾಗ, ಕಂಚಿಯ ಪಲ್ಲವರನ್ನು ಎದುರಿಸಿದ ಕದಂಬ ರಾಜನ ಕಥೆಗೆ ತಮಿಳು ಸೀಮೆಯಲ್ಲಿರುವ ನಾವೂ ಶಿಳ್ಳೆ ಹೊಡೆದದ್ದು ಇನ್ನೂ ನಗುವ ವಿಷಯ. ಕಲ್ಯಾಣಕುಮಾರ್‌ಗೆ ಯಾರೂ ಶಿಳ್ಳೆ ಹೊಡೆಯುತ್ತಿರಲಿಲ್ಲ. ಆತ ಪರದೆ ಮೇಲೆ ಬಂದರೆ ಹೆಂಗಸರ ಕಡೆ ಮಾತು ನಿಲ್ಲುತ್ತಿತ್ತು, ಅಷ್ಟೆ. ಮೆತ್ತನೆ ದನಿ. ಕೆಳಗೆ ನೋಡುವ ಕಣ್ಣು. ಏನೋ ಹೇಳಬೇಕಾದದ್ದನ್ನು ನುಂಗಿಕೊಂಡವನ ಹಾಗೆ ಒಂದು ಮುಖ.

ಆ ಮುಖಕ್ಕೆ ತಕ್ಕ ಪಾತ್ರ ಸಿಕ್ಕಿದ್ದು 1964ರಲ್ಲಿ, 'ಅಮರಶಿಲ್ಪಿ ಜಕಣಾಚಾರಿ'ಯಲ್ಲಿ. ಬಿ.ಎಸ್. ರಂಗಾ ಅವರ ನಿರ್ದೇಶನ. ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ ಅದೇ. ಹೊಯ್ಸಳರ ಕಾಲದ ಕಥೆ. ಶಿಲ್ಪಿ ಜಕಣ ನೃತ್ಯಗಾತಿ ಮಂಜರಿಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಮಂಜರಿ ಪಾತ್ರ ಬಿ. ಸರೋಜಾದೇವಿಯವರದು. ಆಮೇಲೆ ಅವಳ ಮೇಲೆ ಅನುಮಾನ ಬಂದು ಮನೆ ಬಿಟ್ಟು ಹೊರಟುಹೋಗುತ್ತಾನೆ. ಅಲೆಯುತ್ತಾನೆ, ಕಲ್ಲು ಕಡೆಯುತ್ತಾನೆ. ಅವನಿಗೆ ಗೊತ್ತಿಲ್ಲದೆ ಮಗ ಹುಟ್ಟಿ ಬೆಳೆದು ತಾನೂ ಶಿಲ್ಪಿಯಾಗುತ್ತಾನೆ. ಮುಂದಿನದು ನಾವೆಲ್ಲ ಬಾಯಲ್ಲಿ ಕೇಳಿದ ಐತಿಹ್ಯವೇ: ಬೇಲೂರಿನಲ್ಲಿ ಹುಡುಗನೊಬ್ಬ ಬಂದು ಜಕಣ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಅಂತಾನೆ. ದೋಷವಿದ್ದರೆ ಬಲಗೈ ಕಡಿದುಕೊಳ್ಳುತ್ತೇನೆ ಅಂತ ಜಕಣನ ಪಣ. ಮೈಗೆಲ್ಲ ಗಂಧ ಬಳಿದು ಒಣಗಿಸಿದರೆ ಹೊಕ್ಕುಳ ಹತ್ತಿರ ಮಾತ್ರ ತೇವ ಆರುವುದಿಲ್ಲ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಕಪ್ಪೆ. ಮಾತು ಕೊಟ್ಟವನು ಕೈ ಕಡಿದುಕೊಳ್ಳುತ್ತಾನೆ. ಆ ಹುಡುಗ ತನ್ನ ಮಗ ಡಂಕಣ ಅಂತ ತಿಳಿಯುತ್ತದೆ. ತುಮಕೂರಿನ ಹತ್ತಿರದ ಕೈದಾಳದಲ್ಲಿ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತು, ಅದಕ್ಕೇ ಆ ಊರಿಗೆ ಆ ಹೆಸರು ಅಂತ ಜನ ಹೇಳುತ್ತಾರೆ.

ನಮ್ಮೂರಿಗೆ ಈ ಸಿನಿಮಾ ಬರಲಿಲ್ಲ. ಆಗ ಧರ್ಮಪುರಿ ಜಿಲ್ಲೆಯೇ ಇರಲಿಲ್ಲ. ನಾವು ಸೇಲಂ ಜಿಲ್ಲೆಯವರು, 1965ರ ಅಕ್ಟೋಬರ್‌ನಲ್ಲಿ ಬೇರೆಯಾದದ್ದು. ಊರಿನ ಡೇರೆ ಟಾಕೀಸಿನಲ್ಲಿ, ಕೊಟ್ಟಾಯಿ ಅಂತಿದ್ದೆವಲ್ಲ, ಅಲ್ಲಿ ಓಡುತ್ತಿದ್ದದ್ದು ತಮಿಳು ಪಿಚ್ಚರು. ನನ್ನ ಸೋದರತ್ತೆ ಹೊಸದಾಗಿ ಮದುವೆಯಾಗಿದ್ದಳು. ಗಂಡನ ಕಡೆಯ ನೆಂಟರ ಮದುವೆಗೆ ಅಂತ ಮೊರಪ್ಪೂರಿನಲ್ಲಿ ರೈಲು ಹತ್ತಿ, ಜೋಲಾರಪೇಟೆಯಲ್ಲಿ ಇಳಿದು ಬೇರೆ ರೈಲು ಹಿಡಿದು ಬೆಂಗಳೂರಿಗೆ ಹೋದವಳು ಅಲ್ಲಿ ಈ ಚಿತ್ರ ನೋಡಿ ಬಂದಳು. ಬಂದಮೇಲೆ ಕಥೆ ಹೇಳಿದಳು ನೋಡಿ, ಒಂದು ವಾರ! ಕಳೆ ಕೀಳುವಾಗ ಒಂದು ಭಾಗ, ನೀರು ಸೇದುವಾಗ ಒಂದು ಭಾಗ. ಕೇರಿಯ ಅರ್ಧ ಹೆಂಗಸರು ಜಕಣಾಚಾರಿಯನ್ನು ನೋಡಿದ್ದು ನಮ್ಮತ್ತೆಯ ಬಾಯಲ್ಲಿ. ಸೀರೆಯ ಬಣ್ಣ ಸಹ ಬಿಡದೆ ಹೇಳುತ್ತಿದ್ದಳಂತೆ. ಬಣ್ಣದ ಚಿತ್ರವಲ್ಲವೇ!

ಇದರಿಂದ ಒಂದು ಜಗಳವೂ ಹುಟ್ಟಿತು. ನಮ್ಮ ಕಡೆ ತೆಲುಗು ಮನೆಗಳೂ ಇವೆ. ಅದೇ ಕಥೆಯನ್ನು ರಂಗಾ ಅವರು ತೆಲುಗಿನಲ್ಲೂ ತೆಗೆದರು. ಅಲ್ಲಿ ಜಕ್ಕನ ಆದವರು ಅಕ್ಕಿನೇನಿ ನಾಗೇಶ್ವರರಾವ್. ಆತ 1953ರಲ್ಲೇ 'ದೇವದಾಸು' ಆಗಿ ಊರೂರನ್ನು ಅಳಿಸಿದವರು. ಬಾವಿಕಟ್ಟೆಯ ಮೇಲೆ "ನಿಮ್ಮ ಜಕಣನಾ, ನಮ್ಮ ಜಕ್ಕನಾ" ಅನ್ನುವ ವಾದ. ತೆಲುಗು ಮನೆಯವರು "ದುಃಖ ಅಂದರೆ ನಾಗೇಶ್ವರರಾವ್ ನೋಡಿ ಕಲೀಬೇಕು" ಅನ್ನುವರು. ನಮ್ಮವರು "ನಿಮ್ಮವನು ಎಲ್ಲಿ ಹೋದ್ರೂ ದೇವದಾಸನ ಕೆಮ್ಮು ಬಿಡಾಕಿಲ್ಲ" ಅನ್ನುವರು. ತಮಾಷೆ ಏನೆಂದರೆ, ಎರಡೂ ಕಡೆಯವರಲ್ಲಿ ಎರಡೂ ಚಿತ್ರ ನೋಡಿದವರು ಒಬ್ಬರೂ ಇರಲಿಲ್ಲ.

ತಮಿಳು ಮನೆಯವರು ಈ ಜಗಳಕ್ಕೆ ಬರುತ್ತಿರಲಿಲ್ಲ. ಅವರಿಗೆ ಕಲ್ಯಾಣಕುಮಾರ್ ಬೇರೆ ಹೆಸರಿನಲ್ಲಿ ಗೊತ್ತು: ಡಾಕ್ಟರ್ ಮುರಳಿ. 1962ರಲ್ಲಿ ಸಿ.ವಿ. ಶ್ರೀಧರ್ ತೆಗೆದ 'ನೆಂಜಿಲ್ ಓರ್ ಆಲಯಂ', ಅಂದರೆ ಎದೆಯೊಳಗೊಂದು ಗುಡಿ, ನಮ್ಮ ಕೊಟ್ಟಾಯಿಗೇ ಬಂದಿತ್ತು. ಒಂದು ಆಸ್ಪತ್ರೆಯೊಳಗೆ ನಡೆಯುವ ಕಥೆ. ಮುರಳಿ ಪ್ರೀತಿಸಿದ್ದ ಸೀತೆ ಈಗ ಬೇರೊಬ್ಬನ ಹೆಂಡತಿ. ಕ್ಯಾನ್ಸರ್ ಆದ ಗಂಡನನ್ನು ಕರೆದುಕೊಂಡು ಇವನ ಆಸ್ಪತ್ರೆಗೇ ಬರುತ್ತಾಳೆ. ಸೀತೆ ದೇವಿಕಾ, ಗಂಡ ಮುತ್ತುರಾಮನ್. ಹಳೆಯ ಪ್ರೀತಿ ಮನಸ್ಸಿನಲ್ಲಿಟ್ಟುಕೊಂಡು ಡಾಕ್ಟರು ತನ್ನ ಗಂಡನನ್ನು ಸರಿಯಾಗಿ ನೋಡಿಕೊಳ್ಳುತ್ತಾನೋ ಇಲ್ಲವೋ ಅಂತ ಅವಳಿಗೆ ಅನುಮಾನ. ಅವನು ಹಗಲು ರಾತ್ರಿ ದುಡಿದು ಆಪರೇಷನ್ ಮಾಡಿ ಗಂಡನನ್ನು ಉಳಿಸುತ್ತಾನೆ, ತಾನು ಸಾಯುತ್ತಾನೆ. ಅದನ್ನೇ ಶ್ರೀಧರ್ 1963ರಲ್ಲಿ ಹಿಂದಿಯಲ್ಲಿ 'ದಿಲ್ ಏಕ್ ಮಂದಿರ್' ಮಾಡಿದರು. ಕನ್ನಡದಲ್ಲಿ 1977ರಲ್ಲಿ 'ಕುಂಕುಮ ರಕ್ಷೆ' ಆಗಿ ಬಂತು.

ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಕಾಣುತ್ತದೆ. ಜಕಣ ಅನುಮಾನ ಪಟ್ಟು ಬಿಟ್ಟುಹೋದವನು. ಮುರಳಿ ಅನುಮಾನಕ್ಕೆ ಗುರಿಯಾಗಿಯೂ ನಿಂತು ಕೆಲಸ ಮಾಡಿದವನು. ಇಬ್ಬರಿಗೂ ಒಂದೇ ಮುಖ. ನ್ಯಾಯವಾಗಿ ನೋಡಿದರೆ ಮುರಳಿಯೇ ದೊಡ್ಡವನು. ಆದರೂ ನಮ್ಮ ಮನೆ ಹೆಂಗಸರ ಪ್ರೀತಿ ಜಕಣನ ಮೇಲೆಯೇ ಹೆಚ್ಚು. ಇದು ಯಾಕೆ ಅಂತ ನನಗೆ ಬಹಳ ದಿನ ಪ್ರಶ್ನೆಯಾಗಿತ್ತು. ಉತ್ತರ ಸಿಕ್ಕಿದ್ದು ಅತ್ತೆಯಿಂದಲೇ.

ಅತ್ತೆಯ ಗಂಡ, ನಮ್ಮ ಮಾವ, ಮದುವೆಯಾದ ಮೂರನೇ ವರ್ಷ ಊರು ಬಿಟ್ಟರು. ಅಣ್ಣತಮ್ಮಂದಿರ ನಡುವೆ ಒಂದು ತುಂಡು ಹೊಲದ ಜಗಳ. ಸಿಟ್ಟಿನಲ್ಲಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಅಂತ ಹೋದವರು ಏಳು ವರ್ಷ ಬರಲಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ, ದುಡ್ಡಿಲ್ಲ. ಅತ್ತೆ ಕೂಲಿ ಮಾಡಿ ಮಗಳನ್ನು ಸಾಕಿದಳು. ಒಂದು ದಿನ ಸಂಜೆ ಮಾವ ಬಂದರು. ಕೈಕಾಲು ತೊಳೆದರು, ಊಟ ಮಾಡಿದರು, ಮಲಗಿದರು. ಬೆಳಗ್ಗೆ ಎದ್ದು ಹೊಲಕ್ಕೆ ಹೋದರು. ಎಲ್ಲಿದ್ದೆ, ಯಾಕೆ ಬರಲಿಲ್ಲ ಅಂತ ಅವರು ಹೇಳಲಿಲ್ಲ. ಅತ್ತೆ ಕೇಳಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಆಮೇಲೆ ಒಂದು ದಿನವೂ ಮನೆ ಬಿಟ್ಟು ಇರಲಿಲ್ಲ. ಆದರೆ ಆ ಏಳು ವರ್ಷದ ಬಗ್ಗೆ ಆ ಮನೆಯಲ್ಲಿ ಒಂದು ಮಾತೂ ಹುಟ್ಟಲಿಲ್ಲ.

ಉದಯ ಟಿವಿ ಶುರುವಾದದ್ದು 1994ರಲ್ಲಿ. ನಮ್ಮೂರಿಗೆ ಕೇಬಲ್ ಬಂದಮೇಲೆ ಒಂದು ಮಧ್ಯಾಹ್ನ ಅದರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಹಾಕಿದರು. ಮೂವತ್ತು ವರ್ಷ ಬಾಯಲ್ಲಿ ಹೇಳಿದ ಕಥೆಯನ್ನು ಅತ್ತೆ ಎರಡನೇ ಸಲ ಕಣ್ಣಲ್ಲಿ ನೋಡುತ್ತಿದ್ದಳು. ನಾನೂ ಇದ್ದೆ. ಮಾವ ಬಾಗಿಲ ಹತ್ತಿರ ಕುರ್ಚಿಯಲ್ಲಿ. ಜಕಣ ಹೆಂಡತಿ ಮಗನನ್ನು ಗುರುತು ಹಿಡಿದು ಕುಸಿದು ಅಳುವ ಹೊತ್ತಿಗೆ ಮಾವ ಎದ್ದು, ಎಮ್ಮೆಗೆ ನೀರಿಡಬೇಕು ಅಂತ ಹೊರಗೆ ಹೋದರು. ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೆಲ್ಲಗೆ ಹೇಳಿದಳು: "ಇವನಿಗಾದ್ರೂ ಅಳಾಕೆ ಬಂತಲ್ಲ."

ಈ ಒಂದು ಮಾತಿನಲ್ಲಿ ಆ ಪ್ರೀತಿಯ ಗುಟ್ಟಿದೆ ಅಂತ ನನಗನ್ನಿಸುತ್ತದೆ. ಇಂಥ ನಾಯಕರನ್ನು ಹೆಂಗಸರು ಯಾಕೆ ಮೆಚ್ಚುತ್ತಾರೆ ಅಂದರೆ ನಾವು ರೂಪ ಅಂತೀವಿ, ದನಿ ಅಂತೀವಿ, ಹಾಡು ಅಂತೀವಿ. ಅದೆಲ್ಲ ಇದ್ದದ್ದೇ. ಆದರೆ ಮಾತಿಲ್ಲದ ಗಂಡಸನ್ನು ನೋಡುವುದಕ್ಕೆ ಹೆಂಗಸರು ಸಿನಿಮಾಕ್ಕೆ ಹೋಗಬೇಕಾಗಿಲ್ಲ; ಮನೆಯಲ್ಲೇ ಇದ್ದಾನೆ. ಮನೆಯವನ ಮೌನದೊಳಗೆ ಏನಿದೆ ಅಂತ ಕಾಣುವುದಿಲ್ಲ, ಸಿಟ್ಟೋ, ನಾಚಿಕೆಯೋ, ಬರೀ ಆಯಾಸವೋ. ಸಿನಿಮಾದವನ ಮೌನದೊಳಗೆ ಕ್ಯಾಮರಾ ಇಳಿಯುತ್ತದೆ. ಅವನು ರಾತ್ರಿ ಒಬ್ಬನೇ ಕೂತು ಕಲ್ಲಿನಲ್ಲಿ ಯಾರ ಮುಖ ಕಡೆಯುತ್ತಿದ್ದಾನೆ ಅಂತ ನಮಗೆ ತೋರಿಸುತ್ತದೆ. ಕೊನೆಗೆ ಅವನು ಎಲ್ಲರ ಎದುರಿಗೆ ತಪ್ಪಾಯಿತು ಅಂತಾನೆ, ಅದಕ್ಕೆ ತನ್ನ ಬಲಗೈಯನ್ನೇ ತೆರುತ್ತಾನೆ. ಮುರಳಿಯದು ತಪ್ಪೇ ಇಲ್ಲ, ಅವನನ್ನು ಕೈಮುಗಿದು ನೋಡಬಹುದು. ಜಕಣ ತಪ್ಪು ಮಾಡಿದವನು. ತಪ್ಪು ಮಾಡಿ ಅತ್ತವನನ್ನು ಕ್ಷಮಿಸಬಹುದು. ಕ್ಷಮಿಸುವುದಕ್ಕೆ ಒಂದು ಅವಕಾಶ ಸಿಗಲಿ ಅಂತ ಕಾದಿದ್ದವರಿಗೆ ಜಕಣನೇ ಹತ್ತಿರದವನು.

ನಮ್ಮ ಮೇಷ್ಟ್ರುಗಳಲ್ಲಿ ಕೆಲವರು ಇದಕ್ಕೆ ಒಪ್ಪುವುದಿಲ್ಲ. ಇಂಥ ಚಿತ್ರಗಳು ಹೆಂಗಸರಿಗೆ ಸಹಿಸುವುದನ್ನೇ ಕಲಿಸುತ್ತವೆ, ಬಿಟ್ಟುಹೋದವನ ದುಃಖಕ್ಕೆ ಅಳುವಂತೆ ಮಾಡಿ, ಬಿಟ್ಟವಳ ಕಷ್ಟವನ್ನು ಮರೆಸುತ್ತವೆ ಅಂತಾರೆ. ಅದರಲ್ಲಿ ನಿಜವಿದೆ. ಚಿತ್ರದ ಹೆಸರಲ್ಲಿ ಇರುವುದು ಅವನೇ, ಅಮರನಾದವನೂ ಅವನೇ. ಇವತ್ತಿಗೂ ನಮ್ಮ ತಾಲ್ಲೂಕಿನ ಗಂಡಸರು ಬೆಂಗಳೂರಿಗೆ, ತಿರುಪ್ಪೂರಿಗೆ ಕೆಲಸಕ್ಕೆ ಹೋಗುತ್ತಾರೆ. ಚಿತ್ತೇರಿ ಬೆಟ್ಟದ ಕೆಳಗಿನ ಹಳ್ಳಿಗಳಲ್ಲಿ ಮನೆ ನಡೆಸುವವರು ಹೆಂಗಸರು. ಫೋನ್ ಬಂದಿದೆ, ದುಡ್ಡು ಫೋನಿನಲ್ಲೇ ಬರುತ್ತದೆ. ಆದರೂ ಬರದವರು ಇದ್ದಾರೆ. ಅವರ ಹೆಂಡತಿಯರಿಗೆ ಹಳೆಯ ಚಿತ್ರ ತೋರಿಸಿ ಕಾಯುತ್ತಿರಿ ಅಂತ ಹೇಳುವುದು ನ್ಯಾಯವಲ್ಲ. ಆದರೆ ನಮ್ಮತ್ತೆ ಆ ಚಿತ್ರದಿಂದ ಸಹನೆ ಕಲಿತಳು ಅಂತ ನನಗೆ ಅನ್ನಿಸುವುದಿಲ್ಲ. ಸಹನೆ ಅವಳಲ್ಲಿ ಮೊದಲೇ ಬೇಕಾದಷ್ಟು ಇತ್ತು. ಚಿತ್ರ ಕೊಟ್ಟದ್ದು ಒಂದು ಅಳತೆಗೋಲು. ಬಿಟ್ಟುಹೋದವನು ಬಂದರೆ ಸಾಲದು, ಬಂದು ಒಂದು ಮಾತು ಹೇಳಬೇಕು. ಆ ಅಳತೆಯಲ್ಲಿ ಅವಳು ಮಾವನನ್ನು ಮೂವತ್ತು ವರ್ಷ ಅಳೆದಳು, ಬಾಯಿ ಬಿಟ್ಟು ಹೇಳದೆ.

ಅದಕ್ಕೇ ನಾನು ಕೇಳಿಕೊಳ್ಳುವುದು ಇಷ್ಟು. ನಿಮ್ಮ ಮನೆಯ ಹಿರಿಯ ಹೆಂಗಸರು ಯಾವ ನಾಯಕನನ್ನು ಮೆಚ್ಚಿದ್ದರು ಅಂತ ಕೇಳಿ, ನಗಬೇಡಿ. ಯಾಕೆ ಅಂತಲೂ ಕೇಳಿ. ಅವರು ಸಿನಿಮಾದ ಕಥೆ ಹೇಳುತ್ತಿದ್ದಾರೆ ಅಂತ ನಿಮಗೆ ಅನ್ನಿಸುತ್ತದೆ. ಅರ್ಧ ದಾರಿಯಲ್ಲಿ ಅದು ಮನೆಯ ಕಥೆಯಾಗಿರುತ್ತದೆ. ಶಾಲೆಯ ಮಕ್ಕಳಿಗೆ ಇದನ್ನೇ ಒಂದು ಬರಹವಾಗಿ ಕೊಡಬಹುದು.

ಕಲ್ಯಾಣಕುಮಾರ್ 1999ರಲ್ಲಿ ತೀರಿಕೊಂಡರು. ಜಕಣಾಚಾರಿ ನಿಜವಾಗಿ ಇದ್ದನೇ ಅನ್ನುವುದಕ್ಕೆ ಶಾಸನದ ಆಧಾರವಿಲ್ಲ ಅಂತ ವಿದ್ವಾಂಸರು ಹೇಳುತ್ತಾರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬೇರೆ ಶಿಲ್ಪಿಗಳ ಹೆಸರು ಕಲ್ಲಿನಲ್ಲಿ ಕೊರೆದಿವೆ. ಅದರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಂತ ಒಬ್ಬ ಅಪ್ಪ, ಒಬ್ಬ ಮಗ ಇದ್ದಾರೆ. ಅವರ ಮನೆಯಲ್ಲಿ ಕಾದಿದ್ದ ತಾಯಿಯ ಹೆಸರನ್ನು ಯಾರೂ ಕೊರೆಯಲಿಲ್ಲ. ನಾವು ಚಿಕ್ಕಂದಿನಲ್ಲಿ ಕೇಳಿದ ಜಕಣನ ಐತಿಹ್ಯದಲ್ಲೂ ಅವನ ಹೆಂಡತಿಗೆ ಹೆಸರಿರಲಿಲ್ಲ. ಮಂಜರಿ ಅನ್ನುವ ಹೆಸರು ನಮ್ಮ ಕೇರಿಗೆ ಬಂದದ್ದು ಸಿನಿಮಾದಿಂದ, ಅತ್ತೆಯ ಬಾಯಲ್ಲಿ. ಅತ್ತೆಯ ಮೊಮ್ಮಗಳಿಗೆ ಈಗ ಅದೇ ಹೆಸರು.